ಹನ್ನೆರಡು ಮೈಲಿಯ ವಿಮಾನ ನಿಲ್ದಾಣ

ಗೋಥೆನ್‌ಬರ್ಗಿನಿಂದ ಬರ್ಲಿನ್‌ಗೆ ವಿಮಾನದಲ್ಲಿ ಬರೀ ಒಂದೂಕಾಲು ಗಂಟೆ. ಬರ್ಲಿನ್ನಿನಲ್ಲಿರುವ ಅಕ್ಕ ಅಪೂರ್ವ ಇದನ್ನು ಒಂದೇ ವಾರದಲ್ಲಿ ಹತ್ತು ಸಲ ಹೇಳಿದ್ದಳು. "ತಿಂಡಿ ಅಲ್ಲಿ, ಊಟ ಇಲ್ಲಿ. ನನ್ನ ಸೀಮಂತ ಮಾತ್ರ ತಪ್ಪಿಸ್ಕೋಬೇಡ." ಮುಹೂರ್ತ ಹನ್ನೆರಡೂವರೆಗೆ. ಅಜ್ಜಿ ಕೊಟ್ಟ ಹಸಿರು ಗಾಜಿನ ಬಳೆಗಳನ್ನು ಶ್ರಾವಣಿಯೇ ಅಕ್ಕನ ಕೈಗೆ ತೊಡಿಸಬೇಕೆಂದು ಅಜ್ಜಿಯ ಅಪ್ಪಣೆ.

ಸಂಶೋಧನೆಗೆಂದು ಸ್ವೀಡನ್ನಿನ ಯೋನ್‌ಶೋಪಿಂಗ್‌ಗೆ ಬಂದು ಶ್ರಾವಣಿಗೆ ತಿಂಗಳೂ ತುಂಬಿರಲಿಲ್ಲ. ಅಲ್ಲಿನವರು ಫಿಕಾ ಎನ್ನುವ ಕಾಫಿ ವಿರಾಮಕ್ಕೆ ಕುಳಿತಾಗ ಲ್ಯಾಬಿನ ಇಂಗ್ರಿಡ್‌ಳನ್ನು ಗೋಥೆನ್‌ಬರ್ಗಿನ ವಿಮಾನ ನಿಲ್ದಾಣ ಎಷ್ಟು ದೂರವೆಂದು ಕೇಳಿದ್ದಳು. "ಹನ್ನೆರಡು ಮಿಲ್," ಎಂದಿದ್ದಳು ಇಂಗ್ರಿಡ್. ಅದು ಶ್ರಾವಣಿಯ ಕಿವಿಯಲ್ಲಿ ಮೈಲಿಯಾಯಿತು. ಹನ್ನೆರಡು ಮೈಲಿ ಎಂದರೆ ಅಜ್ಜಿಯ ಲೆಕ್ಕದಲ್ಲಿ ಒಂದು ಗಾವುದ. ಕಥೆಯ ರಾಜಕುಮಾರ ಬಾಯಲ್ಲಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ದಾಟಿಬಿಡುತ್ತಿದ್ದ ದೂರ. ಅಷ್ಟಕ್ಕೆಲ್ಲ ನಕ್ಷೆ ಯಾರು ನೋಡುತ್ತಾರೆ?

ಅವಳಂತೆಯೇ ಹೊಸಬನಾದ ಪಕ್ಕದ ಮನೆಯ ರಘುನಾಥನೂ ನೋಡಲಿಲ್ಲ. "ಹನ್ನೆರಡು ಮೈಲಿ ತಾನೆ, ಬಿಟ್ಟು ಬರ್ತೀನಿ ಬನ್ನಿ," ಎಂದ. ಒಂಬತ್ತರ ವಿಮಾನಕ್ಕೆ ಏಳೂವರೆಗೆ ಆರಾಮಾಗಿ ಹೊರಟರು.

ಕಾರು ಹತ್ತಿ ನಕ್ಷೆಯಲ್ಲಿ ದಾರಿ ಹಾಕಿದಾಗ ಪರದೆಯ ಮೇಲೆ ನೂರಿಪ್ಪತ್ತು ಕಿಲೋಮೀಟರ್ ಎಂದು ಬಂತು.

"ಶ್ರಾವಣಿ ಅವ್ರೇ, ಇದ್ಯಾಕೋ ತಪ್ಪು ಏರ್‌ಪೋರ್ಟ್ ತೋರಿಸ್ತಿದೆ."

ತಪ್ಪೇನೂ ಇರಲಿಲ್ಲ. ಗಾಬರಿಯಿಂದ ಫೋನ್ ಮಾಡಿದವಳಿಗೆ ಇಂಗ್ರಿಡ್ ನಿದ್ದೆಗಣ್ಣಿನಲ್ಲೇ ಬಿಡಿಸಿ ಹೇಳಿದಳು: ಸ್ವೀಡನ್ನಿನಲ್ಲಿ ಒಂದು ಮಿಲ್ ಎಂದರೆ ಹತ್ತು ಕಿಲೋಮೀಟರ್.

"ಹತ್ತಾ? ಮೊದ್ಲೇ ಹೇಳೋದಲ್ವಾ!" ಶ್ರಾವಣಿ ಕನ್ನಡದಲ್ಲೇ ಕೂಗಿದಳು.

"ನೀವು ಕೇಳೋದಲ್ವಾ," ಎಂದ ರಘುನಾಥ.

"ನೀವು ರೋಡ್ ನೋಡಿ ಸಾರ್!"

ದಾರಿಯುದ್ದಕ್ಕೂ ಪೈನ್ ಮರಗಳು. ಅದರಾಚೆ ಮತ್ತೆ ಪೈನ್ ಮರಗಳು. ಕ್ಯಾಮೆರಾಗಳ ಭಯಕ್ಕೆ ರಘುನಾಥ ವೇಗದ ಮಿತಿ ಮೀರಲಿಲ್ಲ. ಅವಳು ಬಳೆಯ ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡು, ತನ್ನ ಕಾಲಡಿಯಲ್ಲೇ ಇನ್ನೊಂದು ಆಕ್ಸಿಲರೇಟರ್ ಇದೆಯೇನೋ ಎಂಬಂತೆ ಒತ್ತುತ್ತಿದ್ದಳು. ಎಂಟು ಐವತ್ತಕ್ಕೆ ತಲುಪಿದರು. ಗೇಟು ಮುಚ್ಚಿಯಾಗಿತ್ತು. ಮುಂದಿನ ವಿಮಾನ ಸಂಜೆ ಏಳಕ್ಕೆ.

ಆಗಲೇ ಅಪೂರ್ವಳ ಫೋನ್. "ಹತ್ತಿದ್ಯಾ?"

ಶ್ರಾವಣಿ ನಡೆದದ್ದನ್ನು ಹೇಳಿದಳು.

"ಮುಹೂರ್ತ ಮುಂದೆ ಹಾಕೇ," ಎಂದು ಬೇಡಿದಳು.

"ಅತ್ತೆ ಕೇಳಲ್ಲ ಕಣೇ. ಇಲ್ಲಿ ತಂದಿರೋ ಬಳೇನೇ ಹಾಕ್ತಾರೆ." ಅಕ್ಕನ ದನಿ ಸಣ್ಣದಾಯಿತು. "ಹೋಗ್ಲಿ, ಸಂಜೆ ಬಾ. ಹೇಗೂ ಒಂದೂಕಾಲು ಗಂಟೆ ತಾನೆ?"

"ಇನ್ನೊಂದ್ಸಲ ಒಂದೂಕಾಲು ಗಂಟೆ ಅಂದ್ರೆ, ಈ ಬಳೆ ಎಲ್ಲಾ ಇಲ್ಲೇ ಒಡೆದು ಹಾಕ್ತೀನಿ!"



"ಬಿಡ್ತು ಅನ್ನೇ," ಎಂದಳು ಅಪೂರ್ವ, ಗಾಬರಿಯಿಂದ. "ಈಗ್ಲೇ ಅನ್ನು."

"ಬಿಡ್ತು," ಎಂದಳು ಶ್ರಾವಣಿ. ಹಲ್ಲು ಕಚ್ಚಿಕೊಂಡೇ ಕೊರಳಿನ ಶಾಲು ಬಿಚ್ಚಿ ಬಳೆಯ ಡಬ್ಬಿಗೆ ಭದ್ರವಾಗಿ ಸುತ್ತಿದಳು.