ಪಟೇಲನಿಗೊಂದು ಪ್ಯಾರಲ ಟೊಂಗೆ

ಎಲ್ಲಿಂದ ಶುರು ಮಾಡಲಿ? ಟೊಂಗೆಯಿಂದಲೋ, ಓತಿಯಿಂದಲೋ? ಟೊಂಗೆ ಇನ್ನೂ ಸಿಕ್ಕಿಲ್ಲ. ಹಾಗಾದರೆ ಓತಿ.

೧
ರಾಯಚೂರಿನಲ್ಲಿ ಸುನಂದಾ ಅವರ ಬಾಡಿಗೆ ಕೋಣೆ ಖಾಲಿ ಮಾಡಿದವನು ಅಲಮಾರಿಯಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಬಿಟ್ಟುಹೋದ. ಒಳಗೊಂದು ಇಗುವಾನಾ: ಹಸಿರು ಬಣ್ಣದ, ವಿದೇಶಿ ಓತಿ. ಯಾರನ್ನೂ ಲೆಕ್ಕಕ್ಕಿಡದೆ ಕೂರುತ್ತದೆಂದು ಸುನಂದಾ ಅದಕ್ಕೆ ‘ಪಟೇಲ’ ಎಂದು ಹೆಸರಿಟ್ಟರು. ಪಟೇಲನಿಗೆ ತೇವದ ಗಾಳಿ ಬೇಕು. ರಾಯಚೂರಿನಲ್ಲಿ! (ನಮ್ಮೂರಲ್ಲಿ ಒಗೆದ ಬಟ್ಟೆ ಹಗ್ಗ ಮುಟ್ಟುವ ಮೊದಲೇ ಒಣಗುತ್ತದೆ. ಕೆಲವೊಮ್ಮೆ ಒಗೆಯುವ ಮೊದಲೇ.)

ಪೆಟ್ಟಿಗೆಯ ಹಳೇ ಟೊಂಗೆ ಬೂಸ್ಟು ಹಿಡಿದು ಮೆತ್ತಗಾಯಿತು, ಎಸೆದರು. ಮೈ ಉಜ್ಜಿಕೊಳ್ಳಲು ಒರಟು ಮರವಿಲ್ಲದೆ ಪಟೇಲನ ಪೊರೆ ಕಳಚದೆ ಕಾಲ್ಬೆರಳಿಗೆ ದಾರದಂತೆ ಬಿಗಿದುಕೊಂಡಿತು.

"ಲಗೂನ ಪ್ಯಾರಲದಂಥ ಗಟ್ಟಿ ಟೊಂಗಿ ಹಾಕಿ, ಪೆಟ್ಟಿಗಿ ಹಸಿ ಇಡ್ರಿ. ಇಲ್ಲಂದ್ರ ಬೆರಳು ಒಣಗಿ ಬೀಳ್ತಾವ," ಎಂದರು ದನದ ಡಾಕ್ಟರು. (ಪ್ಯಾರಲ ಅಂದರೆ ಸೀಬೆ.)

೨ (ಹರಿದುಹಾಕಿದ ಡ್ರಾಫ್ಟ್)
ಇದರಲ್ಲಿ ಪಟೇಲ ಸತ್ತ. ಓದುಗರು ಅತ್ತರೆ ಲೇಖಕನಿಗೆ ಒಳ್ಳೆಯದು. ಸುನಂದಾ ಕಾಗದದೊಳಗಿಂದಲೇ ಕೂಗಿದರು:

"ಏ ಯಪ್ಪಾ, ನಿನ್ನ ಕಥಿ ಏಳಾಕ ನನ್ನ ಓತಿ ಯಾಕ ಸಾಯಬೇಕು? ನಾ ಟೊಂಗಿ ತರಾಕ ಹೊಂಟೀನಿ. ಒಂದು ಬಸ್ ಬರಿ."

ಬರೆದೆ. ದೇವದುರ್ಗದ ಬಸ್ಸು.

೪
(೩ ಗಬ್ಬೂರಿನಲ್ಲಿ ಚಹಾ ಕುಡಿಯಲು ಇಳಿದಿತ್ತು. ಬಸ್ಸು ಅದನ್ನು ಬಿಟ್ಟುಬಂತು.)

ದೇವದುರ್ಗದಲ್ಲಿ ಹನುಮಂತ್ರಾಯ ತನ್ನ ಹತ್ತಿ ಹೊಲದ ಬದುವಿನ ಪ್ಯಾರಲ ಗಿಡ ತೋರಿಸಿದ. ಎಲೆಗಳು ಮದುವೆ ಸೀರೆಯಂತೆ ಮಿಂಚುತ್ತಿದ್ದವು.

"ಒಂದ್ ಹುಳ ತೋರಿಸ್ರಿ ಅಕ್ಕಾರ, ಇಡೀ ಗಿಡಾನ ನಿಮಗ ಬಿಡ್ತೀನಿ!"

"ಅದಕ್ಕ ಬ್ಯಾಡಪಾ. ಹತ್ತಿಗಿ ಹೊಡದ ಹುಳದ ಎಣ್ಣಿ ಇದಕ್ಕೂ ಬಡದದ. ಹುಳ ಮುಟ್ಟಲಾರದ್ದು ನಮ್ಮ ಪಟೇಲ ನೆಕ್ಕಬೇಕೇನು?"

ಕಥೆ ಇಲ್ಲೇ ನಿಲ್ಲಿಸುವ ಆಸೆ ನನಗಿತ್ತು. ಸುನಂದಾ ನಿಲ್ಲಲಿಲ್ಲ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ, ಬೂದೆಮ್ಮನ ಕುರಿದೊಡ್ಡಿಯ ಹಿಂದೆ ಇನ್ನೊಂದು ಪ್ಯಾರಲ ಸಿಕ್ಕಿತು. ಎಲೆಯೆಲ್ಲ ಜರಡಿಯಂತೆ ತೂತು. ಸುನಂದಾ ಗಿಡಕ್ಕೆ ಕೈಮುಗಿದರು.

"ಇದಕ್ಕ ಏನೂ ಹೊಡಿಯಂಗಿಲ್ಲೇನ್ ಯವ್ವಾ?"

"ನಮ್ ಮೊಮ್ಮಕ್ಕಳು ಕಲ್ಲು ಹೊಡಿತಾವ," ಎಂದಳು ಬೂದೆಮ್ಮ.

೫
ಅಲ್ಲಿ ಕಡಿದು ತಂದ ಟೊಂಗೆಯ ಸಡಿಲ ತೊಗಟೆ ಕಿತ್ತು, ಗಟ್ಟಿಯದನ್ನು ಉಳಿಸಿ, ಸೋಪಿಲ್ಲದೆ ತೆಂಗಿನ ನಾರಿನಿಂದ ತಿಕ್ಕಿದರು. ಒಳಗಿನ ಹುಳ ಸಾಯಲು ಬೇಯಿಸಬೇಕು. ಅಷ್ಟುದ್ದದ ಪಾತ್ರೆ ಎಲ್ಲಿದೆ? ಮಾನ್ವಿಯಲ್ಲಿ, ಮಹಾಂತಯ್ಯನ ರೈಸ್‌ಮಿಲ್ಲಿನಲ್ಲಿ: ಭತ್ತ ಬೇಯಿಸುವ ಉಗಿ ಟ್ಯಾಂಕು.

"ಓತಿಕ್ಯಾತಗ ಬೇಸಿದ ಟೊಂಗಿ ಏನ್ರೀ ಅಕ್ಕಾ! ನನಗ ಮನ್ಯಾಗ ಬಿಸಿನೀರ ಕಾಸಿ ಕೊಡೋರಿಲ್ಲ."

"ನೀನೂ ಪೊರಿ ಬಿಡು, ಕಾಸ್ತೀನಿ."

(ಆ ವಾರ ಮಾನ್ವಿಯ ಅನ್ನವೆಲ್ಲ ಪ್ಯಾರಲ ವಾಸನೆ ಹೊಡೆಯಿತು ಎಂದು ಬರೆದಿದ್ದೆ. "ಖಾಲಿ ಟ್ಯಾಂಕಿನ್ಯಾಗ ಬೇಸೀವಿ, ಆಮ್ಯಾಲ ತೊಳದೀವಿ. ಪಾಪ, ಅವನ ಯಾಪಾರ ಕೆಡಸಬ್ಯಾಡ," ಎಂದು ಸುನಂದಾ ಆ ಸಾಲು ಹೊಡೆದುಹಾಕಿಸಿದರು.)

ಬಿಸಿಲಿಗಿಟ್ಟರೆ ಸೀಳುಬಿಡುತ್ತದೆಂದು ನೆರಳಲ್ಲಿ ಒಣಗಿಸಿದರು. ರಾಯಚೂರಿನ ನೆರಳೆಂದರೆ ಬೇರೆ ಊರಿನ ಬಿಸಿಲು.

೬
ಮುಕ್ತಾಯ ಒಂದು: ಪಟೇಲ ಸರಸರ ಏರಿದ, ಪೊರೆ ಕಳಚಿತು, ಓಣಿಯೆಲ್ಲ ಚಪ್ಪಾಳೆ.

"ಸುಳ್ಳ."

ಮುಕ್ತಾಯ ಎರಡು: ತಡವಾಗಿತ್ತು. ಬೆರಳು...

"ಬರದಿ ಅಂದ್ರ ನೋಡು ಮತ್ತ!"

ಮೂರು: ಟೊಂಗೆಯನ್ನು ಅಲುಗಾಡದಂತೆ ಕಟ್ಟಿಯಾಗಿದೆ. ಪಟೇಲ ಹತ್ತಿರ ಬಂದ. ಬಿಗಿದ ಬೆರಳಿನ ಕಾಲೆತ್ತಿ ತೊಗಟೆಯ ಮೇಲಿಟ್ಟ. ಎಳೆದ. ಪೊರೆ—

ಅಷ್ಟರಲ್ಲಿ ಸುನಂದಾ ಸ್ಪ್ರೇ ಬಾಟಲಿ ಎತ್ತಿ ಪೆಟ್ಟಿಗೆಯೊಳಗೆ ಬುಸ್ ಬುಸ್ ಎಂದು ನೀರು ಸಿಂಪಡಿಸಿದರು. ಗಾಜು ಪೂರ್ತಿ ಮಬ್ಬಾಯಿತು.

"ಸುನಂದಕ್ಕಾ, ಒಂದೀಟು ಒರಸಲೇನ್ರೀ? ಓದೋರು ಕಾಯಾಕತ್ತಾರ."

"ಮುಟ್ಟಿದ್ರ ಕೈ ಮುರಿತೀನಿ," ಎಂದು ಅವರು ಮತ್ತೊಮ್ಮೆ ಸಿಂಪಡಿಸಿದರು.