ಆರು ನಲವತ್ತೆಂಟರೊಳಗೆ

ಕೊಯಮತ್ತೂರಿನ ಆರ್.ಎಸ್. ಪುರದಲ್ಲಿ ವ್ಯಾಸರಾಯರಷ್ಟು ಟೈಮು ನೋಡುವ ಮನುಷ್ಯ ಇನ್ನೊಬ್ಬರಿರಲಿಲ್ಲ. ಮದುಕ್ಕರೈ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕೆಮಿಸ್ಟ್ ಆಗಿದ್ದು ನಿವೃತ್ತರಾದ ಮೇಲೆ, ಊರಿನ ಕನ್ನಡ ಮಾಧ್ವರ ಮನೆಗಳಿಗೆಲ್ಲ ತಿಂಗಳ ತಿಥಿಪಟ್ಟಿ ಬರೆದು ಹಂಚುವ ಕೆಲಸವನ್ನು ಯಾರೂ ಕೇಳದೆಯೇ ತಲೆಯ ಮೇಲೆ ಹೊತ್ತುಕೊಂಡಿದ್ದರು. ಏಕಾದಶಿ ಯಾವತ್ತು, ಮರುದಿನ ದ್ವಾದಶಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಉಪವಾಸ ಬಿಟ್ಟು ಪಾರಣೆಯ ಊಟಕ್ಕೆ ಯಾವಾಗ ಕೂರಬೇಕು, ಎಲ್ಲವೂ ಅದರಲ್ಲಿ. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಹುಡುಗರಿಗಾಗಿ ಪಟ್ಟಿಯನ್ನು ತಮಿಳು ಅಕ್ಷರದಲ್ಲೇ ಬರೆಯುತ್ತಿದ್ದರು. ನಲವತ್ತು ವರ್ಷದಲ್ಲಿ ಒಂದು ಪಾರಣೆಯನ್ನೂ ತಪ್ಪಿಸಿಲ್ಲ ಎನ್ನುವುದು ಅವರ ಹೆಮ್ಮೆ. ಆ ನಲವತ್ತು ವರ್ಷವೂ ಬೆಳಗಿನ ಜಾವಕ್ಕೆ ಎದ್ದು ತಣ್ಣೀರು ಸುರಿದುಕೊಂಡು ಒಲೆ ಹಚ್ಚಿದವಳು ಹೆಂಡತಿ ಭಾಮಾ. ಹೆಮ್ಮೆಯಲ್ಲಿ ಅವಳಿಗೆ ಪಾಲು ಸಿಕ್ಕಿದ್ದು ಮಾತ್ರ ಅಷ್ಟಕ್ಕಷ್ಟೆ.

೨೦೦೬ರ ಆ ಸೋಮವಾರದ ದ್ವಾದಶಿಯಂತೂ ಬಲು ಬಿಗಿ. ಆರು ನಲವತ್ತೆಂಟಕ್ಕೆ ಮುಗಿಯುತ್ತಿತ್ತು. ಹಿಂದಿನ ದಿನ ಮನೆಯಲ್ಲಿ ಯಾರೂ ನೀರು ಮುಟ್ಟಿರಲಿಲ್ಲ. ಯಾರೂ ಎಂದರೆ ಸೊಸೆ ಪದ್ಮಪ್ರಿಯಾ ಒಬ್ಬಳನ್ನು ಬಿಟ್ಟು. ಅವಳು ಮೈಸೂರಿನಿಂದ ಮದುವೆಯಾಗಿ ಬಂದು ಎರಡು ವರ್ಷ, ಇಲ್ಲೊಂದು ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ಅವಳು ಬಾತ್‌ರೂಮಿನಲ್ಲಿ ಕದ್ದು ಬಿಸ್ಕತ್ತು ತಿನ್ನುವುದು ಭಾಮಾಗೆ ಗೊತ್ತಿತ್ತು. ತನಗೆಂದೂ ಬಾರದ ಧೈರ್ಯ ಎಂದು ಹೊಟ್ಟೆಕಿಚ್ಚಿತ್ತು, ಆದರೂ ಯಾರಿಗೂ ಹೇಳಿರಲಿಲ್ಲ.

ವ್ಯಾಸರಾಯರು ಮಡಿಯುಟ್ಟು ಪೂಜೆಗೆ ಕುಳಿತಿದ್ದರು. "ಐದು ಐವತ್ತಾಯ್ತು ಭಾಮಾ, ನೈವೇದ್ಯ ಕೊಂಡ್ಬಾ, ಸೀಕ್ರ" ಎಂದು ಅವಸರಿಸಿದರು. ಅದು ಅವರ ಬಾಯಿಂದ ನೆಟ್ಟಗೆ ಬಂದ ಕೊನೆಯ ಮಾತು. ಭಾಮಾ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ ತಂದಿಡುವಷ್ಟರಲ್ಲಿ ಅವರ ಬಲಗೈ ತೊಡೆಯ ಮೇಲೆ ಜೋತುಬಿದ್ದಿತ್ತು. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಏನೋ ಹೇಳಿದರು, ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರ ಹಾಗೆ ಕೇಳಿಸಿತು.

ಪದ್ಮಪ್ರಿಯಾ ಹೊಸ್ತಿಲಾಚೆಯಿಂದಲೇ ನೋಡಿದಳು. ಅವಳು ಮಡಿಯಲ್ಲಿರಲಿಲ್ಲ, ಒಳಗೆ ಕಾಲಿಡುವಂತಿರಲಿಲ್ಲ. "ಅತ್ತೆ, ಇದು ಸ್ಟ್ರೋಕ್ ಥರ ಇದೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು" ಎಂದಳು.

"ಪಿತ್ತ ಮಯಕ್ಕಂ ಅಷ್ಟೆ, ಕವಲೆ ಪಡಬೇಡ" ಎಂದಳು ಭಾಮಾ. ಪಿತ್ತದ ತಲೆಸುತ್ತು, ಚಿಂತೆ ಬೇಡ ಎಂದು. "ನೆನ್ನೆಯಿಂದ ಬರೀ ಹೊಟ್ಟೆ. ಎರಡು ತುತ್ತು ಒಳಗೆ ಹೋದ್ರೆ ಎಲ್ಲಾ ಸರಿಯಾಗತ್ತೆ."

ಹೀಗೆ ಹೇಳುವಾಗ ಅವಳ ಕಣ್ಣು ಗಂಡನ ಮುಖದ ಮೇಲಿರಲಿಲ್ಲ, ಗಡಿಯಾರದ ಮೇಲಿತ್ತು. ಗಂಡನ ಮುಖ ಇನ್ನೊಂದು ಗಂಟೆಗೂ ಅಲ್ಲೇ ಇರುತ್ತದೆ, ದ್ವಾದಶಿ ಇರುವುದಿಲ್ಲ.

ಮನೆಯ ಹಿರಿಯರು ತೀರ್ಥ ತೆಗೆದುಕೊಳ್ಳದೆ ಉಳಿದವರು ಊಟ ಮಾಡುವಂತಿಲ್ಲವಲ್ಲ. ಮಗ ವಿದ್ಯಾಧೀಶನಿಗೆ ಅವಸರದಲ್ಲಿ ಮಡಿ ಉಡಿಸಲಾಯಿತು. ಪೀಳಮೇಡಿನ ಪಂಪ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಅವನಿಗೆ ಮಂತ್ರ ಅರ್ಧ ಬರುತ್ತಿತ್ತು. ಆ ಅರ್ಧವನ್ನೇ ಎರಡು ಸಲ ಹೇಳಿ ಲೆಕ್ಕ ಸರಿಮಾಡಿದ. ಅಪ್ಪನನ್ನು ಗೋಡೆಗೆ ಒರಗಿಸಿ ತೀರ್ಥ ಕುಡಿಸಿದರೆ ಅದು ಗಂಟಲಿಗಿಳಿಯದೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಭಾಮಾ ಮೆತ್ತಗೆ ಕಲಸಿದ ಅನ್ನವನ್ನು ಎಡದವಡೆಗೆ ತುರುಕಿದಳು. ಬಲಗಡೆಯಿಂದ ಸೋರಿದ್ದನ್ನು ಸೆರಗಿನಿಂದ ಒರೆಸಿದಳು. ಆರು ನಲವತ್ತಾರಕ್ಕೆ ಪಾರಣೆ ಮುಗಿಯಿತು. ಇನ್ನೂ ಎರಡು ನಿಮಿಷ ಉಳಿದಿತ್ತು ಎಂದು ವಿದ್ಯಾಧೀಶ ಅಮ್ಮನಿಗೆ ಹೇಳಿದ, ಅವಳಿಗೆ ಮನಸ್ಸು ಹಗುರವಾಯಿತು. ನಿಜವಾಗಿಯೂ ಹಗುರವಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಷ್ಟರಲ್ಲಿ ಪದ್ಮಪ್ರಿಯಾ ಯಾರನ್ನೂ ಕೇಳದೆ ಕಾಲ್ ಟ್ಯಾಕ್ಸಿಗೆ ಫೋನ್ ಮಾಡಿದ್ದಳು. ಏಳೂ ಕಾಲಿಗೆ ಮೈಲ್‌ಸಾಮಿ ಎಂಬ ಡ್ರೈವರ್ ಬಾಗಿಲಲ್ಲಿ ಬಂದು ನಿಂತ. ಆದರೆ ಹೊರಡುವುದೆಂದರೆ ಸುಮ್ಮನೆ ಆಗುತ್ತದೆಯೇ? ವಿದ್ಯಾಧೀಶ ಮಡಿ ಬಿಚ್ಚಬೇಕು, ಇಸ್ತ್ರಿಯಾದ ಶರಟು ಸಿಗಬೇಕು. ಅಪ್ಪನ ಹಳೆಯ ರಿಪೋರ್ಟುಗಳಿದ್ದ ಫೈಲು ಅಟ್ಟದ ಮೇಲಿತ್ತು, ಅಟ್ಟಕ್ಕೆ ಏಣಿ ಬೇಕು, ಏಣಿ ಪಕ್ಕದ ಮನೆಯಲ್ಲಿತ್ತು. ಎಲ್ಲ ಸೇರಿ ವ್ಯಾಸರಾಯರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತುವಾಗ ಭಾಮಾ ಮತ್ತೆ ಗಡಿಯಾರ ನೋಡಿದಳು. ಏಳು ಮೂವತ್ತೆರಡು.

"ಇಳಿಸು ಇಳಿಸು" ಎಂದಳು. "ಸೋಮವಾರ. ರಾಹುಕಾಲ ಬಂದ್ಬಿಡ್ತು."

"ಅತ್ತೆ, ದಯವಿಟ್ಟು" ಎಂದಳು ಪದ್ಮಪ್ರಿಯಾ.

"ಒಂಬತ್ತು ಗಂಟೆಗೆ ಮುಗಿಯತ್ತೆ ತಾನೆ. ಇಷ್ಟು ಹೊತ್ತು ತಡ್ಕೊಂಡಿದಾರೆ, ಇನ್ನೂ ಕೊಂಜ ಹೊತ್ತು ತಡ್ಕೋತಾರೆ. ಕೆಟ್ಟ ವೇಳೇಲಿ ಹೊರಟು ದಾರೀಲಿ ಏನಾದ್ರೂ ಆದ್ರೆ ನೀನು ಬಂದು ಜವಾಬು ಹೇಳ್ತೀಯಾ?"

ಪದ್ಮಪ್ರಿಯಾ ಗಂಡನ ಮುಖ ನೋಡಿದಳು. ವಿದ್ಯಾಧೀಶ ಶರಟಿನ ಗುಂಡಿ ನೋಡಿಕೊಂಡ. ಬಾಗಿಲಲ್ಲಿ ನಿಂತಿದ್ದ ಮೈಲ್‌ಸಾಮಿ ಕುರ್ಚಿಯಲ್ಲಿದ್ದವರ ಬಾಯಿ ನೋಡಿ, "ಅಮ್ಮಾ, ವಾಯ್ ಕೋಣಿಕಿಚ್ಚುಂಗ, ನಿಕ್ಕಾದೀಂಗ" ಎಂದ. ಬಾಯಿ ಸೊಟ್ಟಗಾಗಿದೆ, ನಿಲ್ಲಬೇಡಿ ಎಂದು ಅವನ ಮಾತು. ಬೀದಿಯ ಡ್ರೈವರನಿಗೆ ಕಂಡದ್ದು ಮನೆಯವರಿಗೆ ಕಾಣದಷ್ಟು ಈ ಮನೆಯಲ್ಲಿ ಆಚಾರ ಗಟ್ಟಿಯಾಗಿತ್ತು. ಕಾಯುತ್ತಿದ್ದ ಅವನಿಗೆ ಭಾಮಾ ಒಂದು ಲೋಟ ಕಾಫಿ ಕೊಟ್ಟಳು. ಅತಿಥಿ ಸತ್ಕಾರದಲ್ಲಿ ಲೋಪವಾಗಲಿಲ್ಲ.

ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಕಾರು ಹೊರಟಿತು. ಮೈಲ್‌ಸಾಮಿ ಅವಿನಾಶಿ ರಸ್ತೆಯಲ್ಲಿ ಹಾರನ್ನಿನ ಮೇಲಿನ ಕೈ ತೆಗೆಯಲಿಲ್ಲ. ಒಂಬತ್ತೂವರೆಗೆ ಆಸ್ಪತ್ರೆ. ವ್ಯಾಸರಾಯರನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಓಡಿಸಿಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿದರು. ಆ ಜನ ಓಡುವುದನ್ನು ಕಂಡ ಭಾಮಾ, ಇಷ್ಟು ಅವಸರದ ಕಾಯಿಲೆ ಎಂದು ಯಾರೂ ಹೇಳಲಿಲ್ಲವಲ್ಲ ಎಂದುಕೊಂಡಳು. ಹೇಳಿದವಳು ಪಕ್ಕದಲ್ಲೇ ನಿಂತಿದ್ದಳು.

ಡಾಕ್ಟರ್ ನಟರಾಜನ್ ಸ್ಕ್ಯಾನ್ ಹಿಡಿದು ಬಂದರು. ಎಳೆವಯಸ್ಸಿನ, ಗಡಸು ಮಾತಿನ ಮನುಷ್ಯ. ರಕ್ತಸ್ರಾವವಿಲ್ಲ, ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಇದೆ ಎಂದು ತಮಿಳಿನಲ್ಲಿ ವಿವರಿಸಿದರು. ಶುರುವಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಕೈಕಾಲು, ಮಾತು ವಾಪಸು ಬರುವ ಅವಕಾಶ ಚೆನ್ನಾಗಿರುತ್ತದೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. "ಕಡೆಸಿಯಾ ಎತ್ತನೆ ಮಣಿಗೆ ನಲ್ಲಾ ಇರುಂದಾರ್?" ಎಂದು ಕೇಳಿದರು. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?

ನಿಮಿಷ ನಿಮಿಷ ಅಳೆಯುವ ಮನೆಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇರೆ ಬೇಕೇ?

"ಎಂಟೂವರೆ" ಎಂದ ವಿದ್ಯಾಧೀಶ. "ತಿಂಡಿಯೆಲ್ಲ ತಿಂದು ಚೆನ್ನಾಗೇ ಇದ್ದರು."

ಅವನು ಹುಟ್ಟಿದಾಗಿನಿಂದ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ಭಾಮಾ ನೋಡಿರಲಿಲ್ಲ. ಪದ್ಮಪ್ರಿಯಾ ಬಾಯಿ ತೆರೆದಳು, ವಿದ್ಯಾಧೀಶ ಅವಳ ಮಣಿಕಟ್ಟು ಹಿಡಿದ. ಡಾಕ್ಟರ ಮುಖ ಅರಳಿತು. ಹಾಗಾದರೆ ಬೇಕಾದಷ್ಟು ಟೈಮಿದೆ ಎನ್ನುತ್ತ ನರ್ಸಿಗೆ ಮದ್ದು ತರಲು ಹೇಳಿ, ರುಜು ಹಾಕುವ ಕಾಗದ ಮುಂದಿಟ್ಟರು. "ಟೈಮು ಖಚಿತ ತಾನೆ?" ಎಂದು ಇನ್ನೊಮ್ಮೆ ಕೇಳಿದರು. "ಹೊತ್ತು ಮೀರಿದವರಿಗೆ ಕೊಟ್ಟರೆ ಇದೇ ಮದ್ದು ತಲೆಯೊಳಗೆ ರಕ್ತ ಹರಿಸಬಹುದು. ಜೀವವೇ ಹೋಗಬಹುದು."

ವಿದ್ಯಾಧೀಶನ ಪೆನ್ನು ಕಾಗದದ ಮೇಲಿತ್ತು. ಭಾಮಾ ಗಂಡನನ್ನು ನೋಡಿದಳು. ಎಡಗೈಯಲ್ಲಿ ಅವಳ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಮಾತು ಬಂದರೂ ಬರಬಹುದು. ಪ್ರಾಣ ಹೋದರೂ ಹೋಗಬಹುದು. ಬಾಯಿ ಬಿಟ್ಟರೆ ಇಂಜೆಕ್ಷನ್ ಇಲ್ಲ, ಬೆಳಗಿನಿಂದ ತಾನು ಮಾಡಿದ್ದೆಲ್ಲ ಈ ಹುಡುಗ ಡಾಕ್ಟರ ಮುಂದೆ ಬಯಲು.

"ಐದು ಐವತ್ತು" ಎಂದಳು ಭಾಮಾ.

"ಅಮ್ಮಾ" ಎಂದ ಮಗ.

"ಐದು ಐವತ್ತಕ್ಕೆ ಮಾತಾಡಿದ್ರು. ಐದು ಐವತ್ಮೂರಕ್ಕೆ ಕೈ ಬಿತ್ತು. ನಾನೇ ನೋಡ್ದೆ. ನನ್ನ ಗಂಡನ ತಲೆ ಮೇಲೆ ಜೂಜಾಡಬೇಡ."

ಡಾಕ್ಟರು ಆ ಕಾಗದವನ್ನು ಎಳೆದುಕೊಂಡು ನಾಲ್ಕಾಗಿ ಮಡಿಸಿದರು. ನಿಮ್ಮ ಮನೆಯಿಂದ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಒಂಬತ್ತೂವರೆಯವರೆಗೆ ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಭಾಮಾಗೆ ಏಕಾದಶಿ, ದ್ವಾದಶಿ, ಮಡಿ, ರಾಹುಕಾಲ ಎಲ್ಲವನ್ನೂ ತಮಿಳಿನಲ್ಲಿ ಚೆನ್ನಾಗಿಯೇ ವಿವರಿಸಲು ಬರುತ್ತಿತ್ತು. ಆದರೆ ಬಾಯಿಂದ ಬಂದದ್ದು ಒಂದೇ ಮಾತು.

"ಸಾಪ್ಪಿಟ್ಟುಕಿಟ್ಟಿರುಂದೋಂ" ಎಂದಳು. ಊಟ ಮಾಡುತ್ತಿದ್ದೆವು.

ಹನ್ನೊಂದು ದಿನದ ಮೇಲೆ ವ್ಯಾಸರಾಯರು ಮನೆಗೆ ಬಂದರು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಕೋಲು ಹಿಡಿದು ಕಾಲೆಳೆದುಕೊಂಡು ಬಾತ್‌ರೂಮಿನವರೆಗೆ ಹೋಗುವುದು ಬಂತು. ನುಂಗುವುದು ನಿಧಾನವಾಗಿ ಕೂಡಿಕೊಂಡಿತು. ವ್ಯಾಯಾಮ ಮಾಡಿಸಿದರೆ ಇನ್ನಷ್ಟು ಸುಧಾರಿಸಬಹುದು, ಆದರೆ ಬೆಳಗ್ಗೆ ಎಂಟಕ್ಕೆ ತಿಂಡಿಯಾದ ಮೇಲೆ ಕೊಡುವ ಮಾತ್ರೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಇನ್ನೊಮ್ಮೆ ಹೊಡೆಯುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನೋಡಲು ಬಂದ ನೆಂಟರಿಗೆ ಅದೆಲ್ಲ ಬೇಕಿರಲಿಲ್ಲ. ಅಂಥಾ ಸ್ಥಿತಿಯಲ್ಲೂ ಪಾರಣೆ ತಪ್ಪಿಸಲಿಲ್ಲವಂತೆ, ಎಂಥ ಪುಣ್ಯಾತ್ಮರು ಎಂದು ಕೈಮುಗಿದು, ಭಾಮಾ ಕೊಟ್ಟ ಕಾಫಿ ಕುಡಿದು ಹೋದರು.

ಮನೆಗೆ ಬಂದ ನಾಲ್ಕನೇ ದಿನ ಏಕಾದಶಿ. ಎಂಟಕ್ಕೆ ಐದು ನಿಮಿಷವಿರುವಾಗ ಭಾಮಾ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಚಮಚ ಹಿಡಿದು ಕುಳಿತಳು. ವ್ಯಾಸರಾಯರು ಬಾಯಿ ತೆರೆಯಲಿಲ್ಲ. ನಿನ್ನೆಯವರೆಗೆ ಮಗುವಿನಂತೆ ತಿನ್ನುತ್ತಿದ್ದವರು ಇವತ್ತು ತುಟಿ ಬಿಗಿದುಕೊಂಡರು. ಬಿಗಿಯಲು ಬಂದದ್ದು ಎಡಗಡೆಯ ಅರ್ಧ ಮಾತ್ರ. ಯಾರೂ ಹೇಳದಿದ್ದರೂ ಇವತ್ತು ಯಾವ ತಿಥಿ ಎಂದು ಆ ತಲೆಗೆ ಗೊತ್ತಿತ್ತು. ಎಷ್ಟೋ ಸತ್ತುಹೋಗಿದ್ದ ಆ ಮಿದುಳಿನಲ್ಲಿ ಪಂಚಾಂಗದ ಕೋಣೆಗೆ ಮಾತ್ರ ಏನೂ ಆಗಿರಲಿಲ್ಲ.

ಆ ಬೆಳಗ್ಗೆ ಇವರು ತೊದಲಿದ್ದು, ಆಸ್ಪತ್ರೆಗೆ ಕರ್ಕೊಂಡು ಹೋಗು ಎಂದೇ ಇರಬೇಕು ಎಂದು ಇಷ್ಟು ದಿನವೂ ಭಾಮಾ ಒಳಗೊಳಗೇ ಅತ್ತಿದ್ದಳು. ಈಗ ಆ ಮುಚ್ಚಿದ ತುಟಿ ನೋಡಿದಾಗ ಅನುಮಾನ ಬಂತು. ಮೊದಲು ಪಾರಣೆ ಮುಗಿಸು ಎಂದಿದ್ದರೋ ಏನೋ. ಅದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಗೆ ಅಂದಿದ್ದರೂ ನಾನು ಯಾಕೆ ಅವರ ಮಾತು ಕೇಳಬೇಕಿತ್ತು?

"ಬಾಯಿ ತೆಗೀರಿ" ಎಂದಳು. ಅವರು ತಲೆ ಆ ಕಡೆ ತಿರುಗಿಸಿದರು. ಅವಳು ಗದ್ದ ಹಿಡಿದು ಈ ಕಡೆ ತಿರುಗಿಸಿದಳು.

"ನಲವತ್ತು ವರ್ಷ ನೀವು ಹೇಳಿದ ಟೈಮಿಗೆ ನಾನು ಎದ್ದೆ. ಇದು ನಾನು ಹೇಳೋ ಟೈಮು. ನಿಮ್ಮ ವ್ರತ ಕೆಟ್ಟ ಪಾಪ ಇದ್ರೆ ನನಗೇ ಬರ್ಲಿ. ಇದಕ್ಕಿಂತ ದೊಡ್ಡದು ಆವಾಗ್ಲೇ ಬಂದಾಯ್ತು."

ಅವರ ಕಣ್ಣಿನಿಂದ ನೀರು ಇಳಿಯಿತು. ಅವಳು ಒರೆಸಲಿಲ್ಲ, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಗದ್ದ. ಎಂಟು ಹೊಡೆಯಿತು. ಎಂಟೂ ಐದಾಯಿತು. ಎಂಟೂ ಹತ್ತಕ್ಕೆ ವ್ಯಾಸರಾಯರು ಬಾಯಿ ತೆರೆದರು.