ಅಕ್ಕನ ಸೂಜಿ ದಿಂಬು

ಹರಿದ ಬಟ್ಟೆಗೆ ರಫೂ ಮಾಡುವುದರಲ್ಲಿ ಅಕ್ಕನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ತೂತು ಎಲ್ಲಿತ್ತೆಂದು ಬಟ್ಟೆ ಕೊಟ್ಟವರೇ ತಡಕಾಡಬೇಕು, ಹಾಗಿರುತ್ತಿತ್ತು ಕೆಲಸ. ಅಂಥ ಅಕ್ಕ ಒಂದು ಸಲ ಕಡುನೀಲಿ ಕೋಟಿಗೆ ಕಪ್ಪು ದಾರ ಹಾಕಿಬಿಟ್ಟಳು. ಕೋಟು ವಾಪಸ್ ಬಂತು.

"ಬಲ್ಬು ಸರಿಯಿಲ್ಲ," ಎಂದಳು ಅಕ್ಕ.

"ನಿನ್ನೆ ತಾನೆ ಹಾಕಿದ ಬಲ್ಬು. ಪಾಪ, ಅದರ ಮೇಲೆ ಯಾಕೆ ಗೂಬೆ ಕೂರಿಸ್ತೀರಾ?" ಎಂದ ಪಕ್ಕದಂಗಡಿಯ ಇಸ್ತ್ರಿಯವನು. "ಕಣ್ಣಲ್ಲಿ ಪೊರೆ ಇದೆ ಅಂತ ಡಾಕ್ಟರು ಹೇಳಿ ವರ್ಷ ಆಯ್ತು. ನಾನು ಆಪರೇಷನ್ ಮಾಡಿಸ್ಕೊಂಡು ಬಂದಿಲ್ವಾ? ಸರ್ಕಾರಿ ಆಸ್ಪತ್ರೆ, ಒಂದು ಪೈಸೆ ಖರ್ಚಾಗಲಿಲ್ಲ."

"ಪೊರೆ ಇನ್ನೂ ಬಲಿಬೇಕಂತೆ."

"ಬಲಿಯೋಕೆ ಅದೇನು ಕುಂಬಳಕಾಯಿನಾ? ಕೆಲಸಕ್ಕೆ ತೊಂದರೆ ಆಗ್ತಿದ್ರೆ ಸಾಕು, ಮಾಡಿಸ್ಕೋಬಹುದು ಅಂದ್ರು ಡಾಕ್ಟರು."

"ಕಣ್ಣು ಕಿತ್ತು ಹೊರಗಿಡ್ತಾರಂತೆ."

"ಯಾರು ಹೇಳಿದ್ದು? ಕಣ್ಣು ಇದ್ದಲ್ಲೇ ಇರುತ್ತೆ. ನೋವು ಗೊತ್ತಾಗದ ಹಾಗೆ ಔಷಧಿ ಹಾಕಿ, ಮಬ್ಬಾದ ಮಸೂರ ತೆಗೆದು ಹೊಸದು ಇಡ್ತಾರೆ. ನಾನು ಅದೇ ದಿನ ಮನೆಗೆ ಬಂದೆ."

ಜಪ್ಪಯ್ಯ ಎಂದರೂ ಅಕ್ಕ ಒಪ್ಪಲಿಲ್ಲ.

ಅವಳಿಗೊಬ್ಬ ತಂಗಿ, ಬಸ್ ಕಂಡಕ್ಟರ್. ಮದುವೆಯಾಗಿ ಊರಿನ ಆ ತುದಿಗೆ ಹೋದ ಮೇಲೆ ಬರುವುದೇ ಅಪರೂಪವಾಗಿತ್ತು. ಜಗಳವೇನಿಲ್ಲ, ಪುರುಸೊತ್ತಿಲ್ಲ ಅಷ್ಟೆ. ಅಕ್ಕನಿಗೆ ಸೂಜಿಯ ಕಣ್ಣು ಕಾಣಿಸದಾದಾಗಿನಿಂದ ಮಾತ್ರ ದಿನಾ ಸಂಜೆ ಡ್ಯೂಟಿ ಮುಗಿಸಿ ಬರುತ್ತಾಳೆ. ದಿಂಬಿಗೆ ಚುಚ್ಚಿಟ್ಟ ಸೂಜಿಗಳಿಗೆಲ್ಲ ದಾರ ಪೋಣಿಸಿ, ಅಕ್ಕ ಮಾಡಿದ ಚಹಾ ಕುಡಿದು, ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರೆಂದು ಹೇಳಿ ನಗಿಸಿ ಹೋಗುತ್ತಾಳೆ. ಮಧ್ಯಾಹ್ನ ಕಳೆದರೆ ಸಾಕು, ಅಕ್ಕನ ಕಿವಿ ಬೀದಿಯ ಕಡೆಗೇ ಇರುತ್ತದೆ.

ಒಂದು ದಿನ ತಂಗಿ ಬೇಗ ಬಂದಳು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕೂತು, ಒಂದೊಂದೇ ಸೂಜಿಯಿಂದ ದಾರ ಎಳೆದು ತೆಗೆಯುತ್ತಿದ್ದಳು. ನಿನ್ನೆ ತಂಗಿ ಪೋಣಿಸಿಟ್ಟ ದಾರಗಳೇ. ಅವುಗಳಿಂದ ಒಂದು ಹೊಲಿಗೆಯೂ ಬಿದ್ದಿರಲಿಲ್ಲ.

"ಅಕ್ಕಾ, ಏನು ಮಾಡ್ತಿದ್ದೀಯ?"

ಅಕ್ಕನ ಕೈ ನಿಂತಿತು. "ಕೋಟಿನ ಸುದ್ದಿ ಹರಡಿದ ಮೇಲೆ ಯಾರೂ ಕೆಲಸ ತರ್ತಿಲ್ಲ ಕಣೆ. ದಾರ ಹಾಗೇ ಇದ್ರೆ ನಿನಗೆ ಇಲ್ಲೇನು ಕೆಲಸ? ಕಣ್ಣು ಸರಿಹೋದ್ರೂ ಅಷ್ಟೇ. ನೀನು ಬರೋದು ನಿಂತುಹೋಗುತ್ತೆ."

ತಂಗಿ ಟಿಕೆಟ್ ಚೀಲ ಕೆಳಗಿಟ್ಟಳು. ಅಕ್ಕನ ಎದುರಿಗೆ ಬಂದು ಕೂತಳು.

"ನನ್ನ ಮುಖ ಕಾಣುತ್ತಾ?"

"ನೀನೇ ಅಂತ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಹೊಗೆ."

"ನೀನು ನನ್ನನ್ನ ಸರಿಯಾಗಿ ನೋಡ್ಬೇಕು ಅಂತ ನನಗೆ ಆಸೆ ಇರಲ್ವಾ? ಈ ಸೂಜಿ ನೆಪ ನನಗೂ ಬೇಕಿತ್ತು ಕಣಕ್ಕ. ಅಕ್ಕನಿಗೆ ಕಾಣಲ್ಲ ಅಂದ್ರೆ ಮನೇಲಿ ಯಾರೂ ತಕರಾರು ತೆಗಿಯಲ್ಲ. ಇನ್ಮೇಲೆ ನೆಪ ಇಲ್ಲದೇನೇ ಬರ್ತೀನಿ."

ಬಾಗಿಲಲ್ಲಿ ಇಸ್ತ್ರಿಯವನು ಕೆಮ್ಮಿದ. "ಆಪರೇಷನ್ ಆದ್ಮೇಲೆ ಕೆಲವು ವಾರ ದಿನಾ ಕಣ್ಣಿಗೆ ಹನಿ ಹಾಕ್ಬೇಕು. ಯಾರಾದ್ರೂ ಬರಲೇಬೇಕಾಗುತ್ತೆ."

"ಮೊದಲ ವಾರ ರಜೆ ಹಾಕಿ ಇಲ್ಲೇ ಇರ್ತೀನಿ," ಎಂದಳು ತಂಗಿ, ಇಸ್ತ್ರಿಯವನ ಕಡೆ ತಿರುಗಿ. "ಆಮೇಲೆ ಹಗಲಿನ ಹನಿ ನಿಮ್ಮನೆಯವರು ಹಾಕ್ಲಿ, ಸಂಜೆ ಹನಿ ನಂದು."

ಆಪರೇಷನ್ ಆಯಿತು. ಮರುದಿನ ಪಟ್ಟಿ ತೆಗೆದಾಗ ಅಕ್ಕ ತಂಗಿಯನ್ನು ಕಣ್ತುಂಬ ನೋಡಿದಳು.

"ಅಯ್ಯೋ, ನಿನಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತೆ?"

"ನೀನು ಪೊರೆ ಬಲಿಲಿ ಅಂತ ಕಾಯ್ತಿದ್ದಾಗ."

ಅಕ್ಕ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. "ಕಣ್ಣು ಉಜ್ಜಬೇಡಿ!" ಎಂದು ನರ್ಸ್ ಗದರಿದಳು.

ಈಗ ಅಕ್ಕನ ಸೂಜಿಗೆ ಅಕ್ಕನೇ ದಾರ ಪೋಣಿಸುತ್ತಾಳೆ. ತಂಗಿ ಸಂಜೆ ಬಂದು ಸುಮ್ಮನೆ ಕೂತು ಚಹಾ ಕುಡಿಯುತ್ತಾಳೆ.

ನಿಮ್ಮ ಮನೆಯಲ್ಲೂ "ನನಗ್ಯಾಕೆ ಆಪರೇಷನ್?" ಎನ್ನುವವರು ಇದ್ದಾರೆಯೇ? ಬರೀ ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು ಅಡ್ಡಿ ಏನೆಂದು ಕೇಳಿ. ಭಯವಿರಬಹುದು, ಖರ್ಚಿನ ಚಿಂತೆ ಇರಬಹುದು, ಬಾಯಿ ಬಿಟ್ಟು ಹೇಳಲಾಗದ್ದೂ ಇರಬಹುದು. ಕಣ್ಣಾಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ಹನಿ ಹಾಕಲು ನಾನಿದ್ದೇನೆ ಎಂದು ಮೊದಲೇ ಹೇಳಿ. ಅವರು ನಿಮ್ಮ ಮುಖವನ್ನು ಸರಿಯಾಗಿ ನೋಡಿ ಎಷ್ಟು ಕಾಲವಾಯಿತೋ!